ಸೂಜಿ ನೋಡಿ ಹೆಸರಿಟ್ಟ ಹುಳ

1995ರಲ್ಲಿ ಇಟಲಿಯ ಕಡಲತೀರದ ಮರಳಿನಲ್ಲಿ ಒಂದು ಹುಳ ಸಿಕ್ಕಿತು. ಅದಕ್ಕೆ ಹೆಸರು ಬಂದದ್ದು 2005ರಲ್ಲಿ. ನಡುವಿನ ಹತ್ತು ವರ್ಷ ಅದು ಲ್ಯಾಬಿನ ಗಾಜಿನ ಬಟ್ಟಲುಗಳಲ್ಲಿ ಆರಾಮಾಗಿ ಇತ್ತು. ಮೊಟ್ಟೆ ಇಟ್ಟಿತು, ಮರಿ ಮಾಡಿತು, ತಲೆಮಾರಿನ ಮೇಲೆ ತಲೆಮಾರು ಕಳೆಯಿತು. ಅದರ ಬಗ್ಗೆ ಸಂಶೋಧನಾ ಲೇಖನಗಳೂ ಬಂದವು. ಅವುಗಳಲ್ಲಿ ಅದನ್ನು 'ಮ್ಯಾಕ್ರೋಸ್ಟೋಮಮ್ ಎಸ್‌ಪಿ.' ಅಂತ ಬರೆಯುತ್ತಿದ್ದರು. ಮ್ಯಾಕ್ರೋಸ್ಟೋಮಮ್ ಕುಲದ ಯಾವುದೋ ಒಂದು, ಸದ್ಯಕ್ಕೆ ಇಷ್ಟೇ, ಅಂತ ಅರ್ಥ. 2004ರಲ್ಲಿ ಈ ಹುಳ ಹೇಗೆ ಕೂಡುತ್ತದೆ ಅನ್ನುವುದರ ಮೇಲೇ ಇಡೀ ಒಂದು ಲೇಖನ ಬಂತು. ಆಗಲೂ ಹೆಸರಿಲ್ಲ.

ಪೇಪರಿನಲ್ಲಿ 'ಹೊಸ ಪ್ರಭೇದ ಪತ್ತೆ' ಅಂತ ಸುದ್ದಿ ಬಂದಾಗ ಊರಿನಿಂದ ಯಾರಾದರೂ ನನಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಓದಿದರೆ ಯಾರೋ ಕಾಡಿಗೋ ಕಡಲಿಗೋ ಹೋದರು, ಕಂಡರು, ಹೆಸರಿಟ್ಟರು ಅನ್ನುವ ಹಾಗೆ ಇರುತ್ತದೆ. ಮರಳಿನ ಹುಳಗಳ ವಿಷಯದಲ್ಲಿ ಕಾಣುವುದು ಸಲೀಸು. ಒಂದು ಹಿಡಿ ಮರಳು ತಂದರೆ ಹೆಸರಿಲ್ಲದ್ದು ಯಾವುದಾದರೂ ಒಂದು ಸಿಗುವ ಸಾಧ್ಯತೆ ಚೆನ್ನಾಗೇ ಇದೆ. ಕಷ್ಟ ಇರುವುದು ಆಮೇಲೆ. 'ಇದು ಹೊಸದು' ಅಂತ ಬರೆದು ಸಹಿ ಹಾಕುವುದರಲ್ಲಿ.

ನಾನಿರುವುದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ಸುತ್ತ ಆಲ್ಪ್ಸ್ ಬೆಟ್ಟ, ನಡುವೆ ಇನ್ ನದಿ. ಸಮುದ್ರ ಬೇಕೆಂದರೆ ಬ್ರೆನ್ನರ್ ಘಾಟಿ ದಾಟಿ ಇಟಲಿಗೆ ಇಳಿಯಬೇಕು. ಹುಟ್ಟಿದ್ದು ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಕಡೆ. ಕಡಲಿನ ಮಗ್ಗುಲಲ್ಲಿ ಬೆಳೆದು, ಬೆಟ್ಟದ ಊರಿಗೆ ಬಂದು, ಇಲ್ಲಿ ಸಮುದ್ರದ ಹುಳ ಸಾಕುತ್ತೇನೆ. ಸಂಬಳ ಬರುವುದೇ ಅದಕ್ಕೆ.

ನಮ್ಮ ಭಾವ ಒಮ್ಮೆ ಕೇಳಿದ್ದರು. "ಅಲ್ಲ ಮಾರಾಯ್ತಿ, ಹೊಟ್ಟೆಯೊಳಗೆ ಲಾಡಿಹುಳ ಇರ್ತದಲ್ಲ, ಅದನ್ನಾ ನೀನು ಸಾಕೋದು?"

ಪ್ರಶ್ನೆ ತಪ್ಪೇನಲ್ಲ. ಚಪ್ಪಟೆ ಹುಳ ಅಂದಕೂಡಲೇ ನಮಗೆಲ್ಲ ನೆನಪಾಗುವುದು ಶಾಲೆಯ ಪುಸ್ತಕದ ಲಾಡಿಹುಳ. ಜೊತೆಗೆ ಕುರಿಯ ಪಿತ್ತಕೋಶದ ಹುಳ, ಹೆಚ್ಚೆಂದರೆ ಪ್ಲನೇರಿಯಾ. ಆದರೆ ಯಾರ ಹೊಟ್ಟೆಯನ್ನೂ ಸೇರದೆ ತಮ್ಮಷ್ಟಕ್ಕೆ ಬದುಕುವ ಚಪ್ಪಟೆ ಹುಳಗಳು ಸಾವಿರಾರು ಬಗೆ ಇವೆ. ಅವುಗಳಲ್ಲಿ ತುಂಬಾ ಬಗೆ ಇರುವುದು ಸಮುದ್ರದ ಮರಳಿನಲ್ಲಿ. ಮರಳಿನ ಮೇಲಲ್ಲ, ಒಳಗೆ. ಒಂದು ಕಣಕ್ಕೂ ಇನ್ನೊಂದು ಕಣಕ್ಕೂ ನಡುವೆ ನೀರು ನಿಲ್ಲುವಷ್ಟು ಸಂದು ಇರುತ್ತದಲ್ಲ, ಅಲ್ಲಿ. ನಾವು ಕಾಲಿಟ್ಟಾಗ ಒದ್ದೆ ಮರಳು ಒಂದು ಕ್ಷಣ ಒಣಗಿದ ಹಾಗೆ ಬೆಳ್ಳಗಾಗುತ್ತದೆ. ಆ ನೀರು ಅಡಗಿರುವ ಸಂದುಗಳೇ ಇವುಗಳ ಊರು.

ಇಂಥ ಸಣ್ಣ ಪ್ರಾಣಿಗಳಿಗೆಲ್ಲ ಸೇರಿಸಿ ಮೀಯೋಫಾನಾ ಅಥವಾ ಮೀಯೋಬೆಂಥಾಸ್ ಅಂತ ಹೆಸರು. ಮೀಯೋಬೆಂಥಾಸ್ ಅನ್ನುವುದು 1942ರಲ್ಲಿ ಮೋಲಿ ಮೇರ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಕೊಟ್ಟದ್ದು. ಒಂದು ಮಿಲಿಮೀಟರಿನ ಜರಡಿಯಲ್ಲಿ ಕೆಳಗಿಳಿಯುತ್ತವೆ, ಅದಕ್ಕಿಂತ ತುಂಬಾ ಸಣ್ಣ ಜರಡಿಯಲ್ಲಿ ನಿಲ್ಲುತ್ತವೆ. ಇವನ್ನು ವಿಂಗಡಿಸುವ ಮೊದಲ ಲೆಕ್ಕ ಇಷ್ಟೇ, ಜರಡಿಯ ಲೆಕ್ಕ.

ಈಗ ಆ ಹುಳದ ವಿಷಯ. ಸಿಕ್ಕ ಜಾಗ ಲಿಗ್ನಾನೋ. ಏಡ್ರಿಯಾಟಿಕ್ ಸಮುದ್ರದ ಉತ್ತರ ತುದಿಯಲ್ಲಿ, ತಾಲ್ಯಾಮೆಂತೊ ನದಿಯ ಅಳಿವೆಯ ಪಕ್ಕ ಇರುವ ಊರು. ಬೇಸಗೆಯಲ್ಲಿ ಹೋದರೆ ಕಣ್ಣು ಹಾಯುವ ತನಕ ಸಾಲು ಸಾಲು ಛತ್ರಿ, ಅದರ ಕೆಳಗೆ ಸಾಲು ಸಾಲು ಬಾಡಿಗೆ ಕುರ್ಚಿ. ಪ್ರವಾಸಿಗರು ಎಣ್ಣೆ ಹಚ್ಚಿಕೊಂಡು ಮಲಗಿರುತ್ತಾರೆ. ಅವರ ಕೈಗೆಟುಕುವ ಮರಳಿನಲ್ಲೇ ವಿಜ್ಞಾನಕ್ಕೆ ಗೊತ್ತಿಲ್ಲದ ಪ್ರಾಣಿ ಇತ್ತು. ಗುಡ್ಡಗಾಡು ಅಲೆಯಬೇಕಾಗಿರಲಿಲ್ಲ. ಹುಡುಕಿದವರು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ರೈನ್‌ಹಾರ್ಡ್ ರೀಗರ್ ಮತ್ತು ಪೀಟರ್ ಲಾಡುರ್ನರ್. ರೀಗರ್ ಮರಳಿನ ಪ್ರಾಣಿಗಳ ವಿಷಯದಲ್ಲಿ ಬಹಳ ದೊಡ್ಡ ಹೆಸರು. 2006ರಲ್ಲಿ ತೀರಿಕೊಂಡರು.

ನಾವೂ ಆ ಕಡೆ ಮರಳು ತರಲು ಹೋಗುತ್ತೇವೆ. ಸಾಮಾನು ಜಾಸ್ತಿ ಇಲ್ಲ. ಒಂದು ಕೈಸಲಿಕೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳು, ಬಿಸಿಲು ತಾಗದಂತೆ ಇಡಲು ಐಸ್ ಪೆಟ್ಟಿಗೆ. ನೀರಿನಂಚಿನಿಂದ ಸ್ವಲ್ಪ ಮೇಲೆ, ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಕಡೆ, ಮೇಲಿನ ಒಂದೆರಡು ಬೆರಳಿನಷ್ಟು ಮರಳು ಕೆರೆದು ತುಂಬಬೇಕು. ಮರಳಿನ ಮೇಲೆ ಕಂದು ಬಣ್ಣದ ಪೊರೆ ಇದ್ದರೆ ಒಳ್ಳೆಯ ಲಕ್ಷಣ. ಅದು ಡಯಾಟಮ್, ಗಾಜಿನ ಚಿಪ್ಪಿನ ಪಾಚಿ. ನಮ್ಮ ಹುಳಕ್ಕೆ ಅದೇ ಊಟ. ಕೊಳೆತ ಮೊಟ್ಟೆ ವಾಸನೆ ಬರುವ ಕಪ್ಪು ಮರಳಾದರೆ ಬೇಡ, ಅಲ್ಲಿ ಉಸಿರಾಡಲು ಆಮ್ಲಜನಕ ಇಲ್ಲ. ಡಬ್ಬಿಯಲ್ಲಿ ನೀರು ಜಾಸ್ತಿ ತುಂಬಬಾರದು. ಮರಳು ಒದ್ದೆ ಇದ್ದರೆ ಸಾಕು, ಹುಳ ಉಳಿಯುತ್ತದೆ. ಮಕ್ಕಳು ಬಂದು ನಿಂತು ನೋಡುತ್ತಾರೆ, ಏಡಿ ಹಿಡಿಯುತ್ತಿದ್ದೀರಾ ಅಂತ ಕೇಳುತ್ತಾರೆ. ಹೌದು ಅಂದುಬಿಡುವುದೇ ವಾಸಿ.

ಲ್ಯಾಬಿಗೆ ಬಂದಮೇಲೆ ಹುಳವನ್ನು ಮರಳಿನಿಂದ ಬಿಡಿಸಬೇಕು. ಸುಮ್ನೆ ನೀರು ಹಾಕಿ ತೊಳೆದರೆ ಬರುವುದಿಲ್ಲ. ಇವುಗಳ ಬಾಲದಲ್ಲಿ ಅಂಟುವ ಅಂಗಗಳಿವೆ, ಈ ಒಂದು ಪ್ರಭೇದದಲ್ಲಿ ಸುಮಾರು 130. ಒಂದೊಂದರಲ್ಲೂ ಮೂರು ಬಗೆಯ ಜೀವಕೋಶ. ಒಂದು ಅಂಟು ಸುರಿಸುತ್ತದೆ, ಒಂದು ಬಿಡಿಸುತ್ತದೆ, ಇನ್ನೊಂದು ಇವೆರಡಕ್ಕೂ ಬಾಯಿಯಾಗಿ ಹೊರಗೆ ಚಾಚಿಕೊಂಡಿರುತ್ತದೆ. ಅಲೆ ಬಂದಾಗ ಗಬಕ್ಕನೆ ಅಂಟಿಕೊಂಡು, ಮರುಕ್ಷಣ ಬಿಟ್ಟು ಮುಂದೆ ಹೋಗಲು ಈ ಏರ್ಪಾಡು. ಅಲೆ ಹೊಡೆಯುವ ಮರಳಿನಲ್ಲಿ ಬದುಕಬೇಕೆಂದರೆ ಇದು ಬೇಕೇ ಬೇಕು. ಹಾಗಾಗಿ ನಾವು ಮೊದಲು ಮೆಗ್ನೀಷಿಯಂ ಕ್ಲೋರೈಡ್ ನೀರು ಹಾಕಿ ಅಮಲು ಬರಿಸುತ್ತೇವೆ. ಸ್ನಾಯು ಸಡಿಲಾಗಿ ಹುಳ ಹಿಡಿತ ಬಿಡುತ್ತದೆ. ಕೆಲವು ನಿಮಿಷ ಬಿಟ್ಟು, ಫ್ಲಾಸ್ಕನ್ನು ಮೆಲ್ಲಗೆ ತಿರುಗಿಸಿ, ಮರಳು ತಳಕ್ಕೆ ಕೂರುತ್ತಿದ್ದಂತೆ ಮೇಲಿನ ನೀರನ್ನು ಸಣ್ಣ ಬಲೆಯ ಮೇಲೆ ಬಗ್ಗಿಸಬೇಕು. ಬಲೆಯ ಮೇಲೆ ನಿಂತದ್ದನ್ನು ಒಳ್ಳೆಯ ಸಮುದ್ರದ ನೀರಿಗೆ ಹಾಕಿದರೆ ಎಲ್ಲಕ್ಕೂ ಎಚ್ಚರ ಬರುತ್ತದೆ.

ಆಗ ಮೈಕ್ರೋಸ್ಕೋಪಿನ ಕೆಳಗೆ ಒಂದು ಜಾತ್ರೆಯೇ ಕಾಣುತ್ತದೆ. ಶುರುವಿನಲ್ಲಿ ಎಲ್ಲ ಗಲಿಬಿಲಿ. ಆಮೇಲೆ ನಡಿಗೆ ನೋಡಿಯೇ ಗುರುತು ಹಿಡಿಯಬಹುದು. ದುಂಡುಹುಳ ಒದ್ದಾಡುತ್ತದೆ. ಸೀಗಡಿಯ ಪುಟ್ಟ ನೆಂಟ ಕೋಪೆಪಾಡ್ ಛಂಗನೆ ಜಿಗಿಯುತ್ತದೆ. ನೀರುಕರಡಿ ಕಾಲೆಳೆಯುತ್ತಾ ತೆವಳುತ್ತದೆ. ಚಪ್ಪಟೆ ಹುಳ ಜಾರುತ್ತದೆ. ಮೈತುಂಬ ಇರುವ ಕೂದಲಿನಂಥ ಎಳೆಗಳನ್ನು ಬಡಿಯುತ್ತಾ, ಮೈ ಅಲುಗಿಸದೆ, ಯಾವ ಅವಸರವೂ ಇಲ್ಲದೆ ಹೋಗುತ್ತದೆ. ನನಗಂತೂ ಆ ಜಾರಿಕೆ ಕಂಡರೆ ಅವತ್ತಿನ ದಿನ ಸಾರ್ಥಕ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಜಾರುವುದೆಲ್ಲ ಚಪ್ಪಟೆ ಹುಳ ಅಲ್ಲ. ಅಸೀಲ್ ಎಂಬ ಗುಂಪು ನೋಡಲು ಥೇಟ್ ಹೀಗೇ ಇದೆ. ಹಳೇ ಪುಸ್ತಕಗಳಲ್ಲಿ ಅವೂ ಚಪ್ಪಟೆ ಹುಳಗಳೇ. ಡಿಎನ್ಎ ಹೋಲಿಸಿ ನೋಡಲು ಶುರು ಮಾಡಿದ ಮೇಲೆ, 1999ರಿಂದ ಈಚೆ, ಅವನ್ನು ಆ ಮನೆಯಿಂದ ಹೊರಗೆ ಹಾಕಿದರು. ಅವುಗಳ ತಲೆಯ ಹತ್ತಿರ ಸಮತೋಲ ನೋಡಿಕೊಳ್ಳುವ ಒಂದು ಗುಂಡು ಚುಕ್ಕೆ ಹೊಳೆಯುತ್ತದೆ. ನಮ್ಮ ಮ್ಯಾಕ್ರೋಸ್ಟೋಮಮ್‌ಗೆ ಅದಿಲ್ಲ, ಎರಡು ಪುಟ್ಟ ಕಪ್ಪು ಕಣ್ಣುಗಳಿವೆ. ಆದರೆ ಆ ಚುಕ್ಕೆಯನ್ನೇ ನಂಬುವ ಹಾಗೂ ಇಲ್ಲ. ಪ್ರೊಸೀರಿಯಾಟ ಎಂಬ ನಿಜವಾದ ಚಪ್ಪಟೆ ಹುಳಗಳ ಗುಂಪಿನಲ್ಲೂ ಅದು ಇರುತ್ತದೆ.

ಬೇಕಾದ ಹುಳ ಸಿಕ್ಕಿತು ಅಂದುಕೊಳ್ಳಿ. ಉದ್ದ ಒಂದೂವರೆ, ಎರಡು ಮಿಲಿಮೀಟರ್. ಬಣ್ಣವಿಲ್ಲ, ಪೂರ್ತಿ ಪಾರದರ್ಶಕ. ಮೂಳೆಯಿಲ್ಲ, ಚಿಪ್ಪಿಲ್ಲ, ಕಾಲಿಲ್ಲ. ಚಿಟ್ಟೆಯಾದರೆ ರೆಕ್ಕೆ ನೋಡಬಹುದು, ಮೀನಾದರೆ ಹುರುಪೆ ಎಣಿಸಬಹುದು. ಇದನ್ನು ಸಾರಾಯಿಯಲ್ಲಿ ಹಾಕಿದರೆ ಮುದುಡಿ ಒಂದು ಬಿಳಿ ಚುಕ್ಕೆ ಆಗುತ್ತದೆ, ಕಥೆ ಮುಗಿಯಿತು. ಹಾಗಾಗಿ ಜೀವ ಇರುವಾಗಲೇ ನೋಡಬೇಕು.

ನೋಡುವ ವಿಧಾನ ಹೀಗೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹುಳ. ಅದರ ಮೇಲೆ ತೆಳ್ಳಗಿನ ಮುಚ್ಚುಗಾಜು. ಗಾಜಿನ ನಾಲ್ಕು ಮೂಲೆಗೂ ಚೂರು ಚೂರು ಆಟದ ಜೇಡಿಮಣ್ಣು ಅಂಟಿಸಿ ಕಾಲು ಮಾಡಿರುತ್ತೇವೆ, ಇಲ್ಲದಿದ್ದರೆ ಗಾಜಿನ ಭಾರಕ್ಕೇ ಹುಳ ಒಡೆದುಹೋಗುತ್ತದೆ. ಆಮೇಲೆ ಟಿಶ್ಯೂ ಕಾಗದದ ತುದಿಯಿಂದ ಅಂಚಿನಲ್ಲಿ ನೀರು ಹೀರಿಸುತ್ತಾ ಬರಬೇಕು. ನೀರು ಕಮ್ಮಿಯಾದಂತೆ ಗಾಜು ಕೆಳಗಿಳಿಯುತ್ತದೆ, ಮಣೆಯ ಮೇಲೆ ಒತ್ತಿದ ಹಪ್ಪಳದ ಉಂಡೆಯ ಹಾಗೆ ಹುಳ ಹರಡಿಕೊಳ್ಳುತ್ತದೆ. ಹರಡಿದಷ್ಟೂ ಒಳಗಿನದು ಬಿಚ್ಚಿಕೊಳ್ಳುತ್ತದೆ. ಮುಂದೆ ಕಣ್ಣು, ಮಿದುಳು. ಅದರ ಹಿಂದೆಯೇ ಬಾಯಿ, ಗಂಟಲು. ಆಮೇಲೆ ಕರುಳು, ಅದರ ತುಂಬ ಡಯಾಟಮ್‌ಗಳ ಬಂಗಾರದ ಕಂದು. ಕರುಳಿಗೆ ಕೊನೆಯಲ್ಲಿ ಬಾಗಿಲಿಲ್ಲ. ತಿಂದದ್ದರ ಕಸವೂ ಬಂದ ಬಾಯಿಯಿಂದಲೇ ಹೊರಗೆ. ಎರಡೂ ಪಕ್ಕದಲ್ಲಿ ವೃಷಣ, ಅದರ ಹಿಂದೆ ಅಂಡಾಶಯ. ಹೌದು, ಒಂದೇ ಹುಳದಲ್ಲಿ ಎರಡೂ. ಪ್ರತಿಯೊಂದೂ ಗಂಡು, ಪ್ರತಿಯೊಂದೂ ಹೆಣ್ಣು. ಬಾಲಕ್ಕೆ ಬಂದರೆ ನಾವು ಹುಡುಕುತ್ತಿರುವ ವಸ್ತು: ಸೂಜಿ.

ಇಡೀ ಮೈಯಲ್ಲಿ ಗಟ್ಟಿಯಾದ ಭಾಗ ಅಂದರೆ ಅದೊಂದೇ. ಗಂಡಿನ ಅಂಗ. ಸ್ಟೈಲೆಟ್ ಅನ್ನುತ್ತಾರೆ. ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಮ್ಮಿ. ಲಿಗ್ನಾನೋದ ಹುಳದಲ್ಲಿ ಅದು ಬುಡದಲ್ಲಿ ಅಗಲವಾಗಿ, ತುದಿಗೆ ಬರುತ್ತಾ ಕಿರಿದಾಗಿ, ಸ್ವಲ್ಪ ಬಾಗಿದ ಕೊಳವೆ. ತುದಿ ಚೂಪಲ್ಲ, ಮೊಂಡು. ಆ ಮೊಂಡು ತುದಿಯೂ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ನಂಬಿದರೆ ನಂಬಿ, ಒಂದು ಪ್ರಭೇದ ಹೊಸದೋ ಹಳೆಯದೋ ಅನ್ನುವ ವಾದ ಬಹುಪಾಲು ನಿಂತಿರುವುದು ಈ ಬಾಗಿನ ಮೇಲೆ, ಈ ದಪ್ಪದ ಮೇಲೆ.

ಅದನ್ನು ಯಾವುದರ ಜೊತೆ ಹೋಲಿಸಬೇಕು? ಈ ಕುಲದಲ್ಲಿ ಈಗಾಗಲೇ ಹೆಸರಿರುವ ಎಲ್ಲದರ ಜೊತೆ. ಮ್ಯಾಕ್ರೋಸ್ಟೋಮಮ್ ಎಂಬ ಕುಲದ ಹೆಸರು 1848ರಷ್ಟು ಹಳೆಯದು, ಆಸ್ಕರ್ ಶ್ಮಿಟ್ ಕೊಟ್ಟದ್ದು. ಈಗ ಅದರಲ್ಲಿ 200ಕ್ಕೂ ಜಾಸ್ತಿ ಪ್ರಭೇದಗಳಿವೆ. ಬರವಣಿಗೆ ಜರ್ಮನ್, ಫ್ರೆಂಚ್, ಇಂಗ್ಲಿಷ್, ರಷ್ಯನ್, ಎಲ್ಲದರಲ್ಲೂ ಹಂಚಿಹೋಗಿದೆ. 1939–40ರಲ್ಲಿ ಫರ್ಗುಸನ್ ಎಂಬ ಅಮೆರಿಕದವರು ಆವತ್ತಿಗೆ ಗೊತ್ತಿದ್ದದ್ದನ್ನೆಲ್ಲ ಒಟ್ಟುಮಾಡಿ ಬರೆದರು, ಅವರಿಗೆ ದೊಡ್ಡ ನಮಸ್ಕಾರ. ಆದರೆ ಹಳೆಯ ಎಷ್ಟೋ ವಿವರಣೆಗಳಲ್ಲಿ ಇರುವುದು ಎರಡು ಪ್ಯಾರಾ ಮತ್ತು ಪೆನ್ನಿನಲ್ಲಿ ಬರೆದ ಒಂದು ಸೂಜಿಯ ಚಿತ್ರ. ಆ ಗೆರೆ ಎಷ್ಟು ಬಾಗಿದೆ ಅನ್ನುವುದು ಸೂಜಿಯದೋ, ಬರೆದವರ ಕೈಯದೋ? ಹುಳವನ್ನು ಜಾಸ್ತಿ ಒತ್ತಿದ್ದಕ್ಕೆ ಸೂಜಿ ಹಾಗೆ ವಾಲಿತ್ತೋ? ನೋಡೋಣ ಅಂದರೆ ಆ ಹುಳ ಉಳಿದಿಲ್ಲ. ಉಳಿದದ್ದು ಚಿತ್ರ ಮಾತ್ರ.

2005ರ ಲೇಖನ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಲಾಡುರ್ನರ್, ಲೂಕಸ್ ಶೇರರ್, ವಿಲ್ಲಿ ಸಾಲ್ವೆನ್‌ಮೋಸರ್ ಮತ್ತು ರೀಗರ್ ನಾಲ್ಕು ಜನ ಸೇರಿ ಬರೆದದ್ದು. ಮಾಮೂಲಿಯಾಗಿ ಬೇಕಾದ ತೆಳು ಸೀಳುಗಳು, ಅಳತೆ, ಚಿತ್ರ ಎಲ್ಲ ಇದೆ. ಅದರ ಜೊತೆಗೆ ಡಿಜಿಟಲ್ ಮೈಕ್ರೋಸ್ಕೋಪಿಯನ್ನೂ ಪ್ರಭೇದ ಬಣ್ಣಿಸುವ ಸಾಧನವಾಗಿ ಬಳಸಿದರು. ಜೀವಂತ ಹುಳವನ್ನು ಒತ್ತುತ್ತಾ ಹೋದಂತೆ, ಪದರ ಪದರವಾಗಿ ಕಂಡದ್ದನ್ನು ಚಿತ್ರೀಕರಿಸಿದರು. ಲೇಖನದ ಶೀರ್ಷಿಕೆಯಲ್ಲೇ ಆ ಮಾತು ಇದೆ. ಅಂದರೆ ಇನ್ನು ಐವತ್ತು ವರ್ಷ ಬಿಟ್ಟು ಇನ್ಯಾವುದೋ ದೇಶದಲ್ಲಿ ಒಬ್ಬರಿಗೆ ಅನುಮಾನ ಬಂದರೆ, ಬರೆದವರ ಕೈಯನ್ನು ನಂಬಿ ಕೂರಬೇಕಾಗಿಲ್ಲ. ಅವರು ನೋಡಿದ್ದನ್ನೇ ತಾವೂ ನೋಡಬಹುದು. ಹೆಸರಿಗಿಂತ ಇದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ.

ಹೆಸರು ಮಾತ್ರ ಸರಳ. ಸಿಕ್ಕ ಊರಿನದೇ: ಮ್ಯಾಕ್ರೋಸ್ಟೋಮಮ್ ಲಿಗ್ನಾನೋ. ಸಿನಿಮಾ ನಟರ ಹೆಸರು, ಕಂಪನಿಯ ಹೆಸರು ಇಟ್ಟು ಸುದ್ದಿ ಮಾಡುವುದು ನನಗೆ ಹಿಡಿಸುವುದಿಲ್ಲ. ಊರಿನ ಹೆಸರಿದ್ದರೆ ಕೊನೇಪಕ್ಷ ಎಲ್ಲಿಗೆ ಹೋಗಿ ಹುಡುಕಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ನಿಯಮದ ಪ್ರಕಾರ ಒಂದು ಹುಳವನ್ನು ಆ ಹೆಸರಿನ ಮೂಲ ಮಾದರಿಯಾಗಿ ಇಡಬೇಕು. ಇಂಥ ಮೆತ್ತನೆಯ ಹುಳಗಳಲ್ಲಿ ಆ ಮಾದರಿ ಎಷ್ಟೋ ಸಲ ಒಂದು ಹುಳವಾಗಿ ಉಳಿದಿರುವುದಿಲ್ಲ. ಮೇಣದಂಥ ವಸ್ತುವಿನಲ್ಲಿ ಕೂರಿಸಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ತಲೆಯಿಂದ ಬಾಲದವರೆಗೆ ಕುಯ್ದು, ಬಣ್ಣ ಕೊಟ್ಟು, ಸಾಲಾಗಿ ಗಾಜಿನ ಮೇಲೆ ಅಂಟಿಸಿದ ಸೀಳುಗಳೇ ಮೂಲ ಮಾದರಿ. ಕುಯ್ಯುವಾಗ ಒಂದು ಸೀಳು ಮಡಚಿಹೋದರೆ ಹುಳದ ಒಂದು ತುಂಡು ವಿಜ್ಞಾನಕ್ಕೆ ಇಲ್ಲ. ಈ ಕೆಲಸ ಮಾಡುವವರ ಹೆಸರು ಸುದ್ದಿಯಲ್ಲಿ ಬರುವುದೇ ಇಲ್ಲ. ಕೈ ನಡುಗದ ಆ ಜನರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಹೆಸರು ಸಿಕ್ಕಮೇಲೆ ಈ ಹುಳದ ಅದೃಷ್ಟ ಖುಲಾಯಿಸಿತು. ಸಾಕಲು ಇಷ್ಟು ಸುಲಭದ ಪ್ರಾಣಿ ಕಮ್ಮಿ. 20 ಡಿಗ್ರಿ ಬಿಸಿ, ಕೃತಕ ಸಮುದ್ರದ ನೀರು, ತಟ್ಟೆಯಲ್ಲಿ ಬೆಳೆಸಿದ ನಿಟ್ಜ್‌ಶಿಯಾ ಎಂಬ ಡಯಾಟಮ್. ದಿನಕ್ಕೆ ಸುಮಾರು ಒಂದು ಮೊಟ್ಟೆ, ಐದು ದಿನಕ್ಕೆ ಮರಿ, ಮೂರು ವಾರದೊಳಗೆ ಆ ಮರಿಯೇ ಮೊಟ್ಟೆಯಿಡುತ್ತದೆ. ಪೂರ್ತಿ ಬೆಳೆದ ಹುಳದಲ್ಲಿ ಜೀವಕೋಶಗಳು ಸುಮಾರು 25,000. ಮಿದುಳು ಮತ್ತು ಗಂಟಲು ಉಳಿಸಿ ಕತ್ತರಿಸಿದರೆ ಹಿಂದಿನ ಮೈಯೆಲ್ಲ ಮತ್ತೆ ಬೆಳೆಯುತ್ತದೆ, ಸೂಜಿಯೂ ಸೇರಿ. ತಲೆ ಮಾತ್ರ ಬೆಳೆಯುವುದಿಲ್ಲ. ಪ್ಲನೇರಿಯಾದ ಹಾಗೆ ಎರಡು ತುಂಡಿನಿಂದ ಎರಡು ಹುಳ ಆಗುವ ಆಟ ಇದರಲ್ಲಿ ನಡೆಯುವುದಿಲ್ಲ. 2015ರಲ್ಲಿ ಇದರ ಜೀನೋಮ್, ಅಂದರೆ ಇಡೀ ಡಿಎನ್ಎ, ಓದಿದರು. ಅದರ ಮುಕ್ಕಾಲು ಪಾಲು ಹೇಳಿದ್ದನ್ನೇ ಹೇಳುವ ಡಿಎನ್ಎ, ಜೋಡಿಸುವವರ ತಲೆ ಕೆಟ್ಟುಹೋಗುವಷ್ಟು.

ನಾನು ದಿನಾ ನೋಡುವ ಒಂದು ವಿಷಯ ಹೇಳಬೇಕು. ಎರಡು ಹುಳ ಕೂಡುವಾಗ ಒಂದಕ್ಕೊಂದು ಸುತ್ತಿಕೊಂಡು ಚಕ್ರವಾಗುತ್ತವೆ, ಎರಡೂ ಕೊಡುತ್ತವೆ, ಎರಡೂ ಪಡೆಯುತ್ತವೆ. ಕೆಲವು ಸೆಕೆಂಡಿನ ಕೆಲಸ. ಬಿಟ್ಟ ಮೇಲೆ ಎಷ್ಟೋ ಸಲ ಒಂದು ಹುಳ ಮೈ ಮಡಚಿ, ತನ್ನ ಹೆಣ್ಣಿನ ಅಂಗಕ್ಕೆ ತನ್ನದೇ ಬಾಯಿ ಇಟ್ಟು ಹೀರುತ್ತದೆ. ಈಗಷ್ಟೇ ಪಡೆದದ್ದನ್ನು ತೆಗೆದುಹಾಕಲು ಮಾಡುವ ಪ್ರಯತ್ನ ಅದು ಅಂತ ಸಂಶೋಧಕರ ಊಹೆ. ಕೊಡುವುದಕ್ಕೆ ಎಲ್ಲರೂ ತಯಾರು, ಇಟ್ಟುಕೊಳ್ಳುವುದಕ್ಕೆ ಅಷ್ಟು ಮನಸ್ಸಿಲ್ಲ. ಆದರೆ ವೀರ್ಯಾಣುವೂ ಸುಮ್ಮನಿಲ್ಲ. ಒಂದೊಂದರ ಪಕ್ಕದಲ್ಲೂ ಎರಡು ಬಿರುಸಾದ ಮುಳ್ಳುಗಳಿವೆ, ಹಿಂದಕ್ಕೆ ಎಳೆದರೆ ಸಿಕ್ಕಿಕೊಳ್ಳುವ ಹಾಗೆ. ಹೀರಿದ ಮೇಲೂ ವೀರ್ಯಾಣುಗಳ ಬಾಲ ಹೊರಗೆ ಇಣುಕುತ್ತಿರುತ್ತದೆ. ಇದೇ ಕುಲದ ಇನ್ನು ಕೆಲವು ಪ್ರಭೇದಗಳು ಈ ಜಗ್ಗಾಟವನ್ನೇ ಬಿಟ್ಟು, ಚೂಪು ಸೂಜಿಯಿಂದ ಎದುರಿನ ಹುಳದ ಚರ್ಮಕ್ಕೇ ಚುಚ್ಚಿಬಿಡುತ್ತವೆ. ಅಂಥವುಗಳ ವೀರ್ಯಾಣುವಿಗೆ ಮುಳ್ಳಿಲ್ಲ, ಬೇಕಾಗಿಯೂ ಇಲ್ಲ. ಹಿಸ್ಟ್ರಿಕ್ಸ್ ಎಂಬ ಪ್ರಭೇದವಂತೂ ಜೊತೆಗೆ ಯಾರೂ ಸಿಗದಿದ್ದರೆ ತನ್ನ ಸೂಜಿಯನ್ನು ತನ್ನದೇ ತಲೆಯ ಭಾಗಕ್ಕೆ ಚುಚ್ಚಿಕೊಳ್ಳುತ್ತದೆ. 2015ರಲ್ಲಿ ಈ ಸುದ್ದಿ ಬಂದಾಗ ಪತ್ರಿಕೆಯವರಿಗೆ ಹಬ್ಬ. ಭಾವನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಊಟದ ಹೊತ್ತಿಗೆ ಹೇಳುವ ವಿಷಯವಾ ಅದು?" ಅಂದರು.

ಇದನ್ನೆಲ್ಲ ಸುಮ್ನೆ ಹೇಳಲಿಲ್ಲ. ಸೂಜಿ ಯಾವ ಆಕಾರ ಅನ್ನುವುದು ಹೆಸರಿಡುವವರ ಅನುಕೂಲಕ್ಕೆ ಇರುವ ಗುರುತು ಮಾತ್ರವಲ್ಲ. ಹುಳದ ಇಡೀ ಬದುಕು ಹೇಗೆ ನಡೆಯುತ್ತದೆ ಅನ್ನುವುದು ಅದರಲ್ಲಿ ಇದೆ. ಚೂಪು ತುದಿ ಕಂಡರೆ ಚುಚ್ಚುವ ಪೈಕಿ ಇರಬಹುದು, ಮೊಂಡು ತುದಿಯಾದರೆ ಸುತ್ತಿಕೊಂಡು ಕೂಡುವ ಪೈಕಿ ಇರಬಹುದು, ಅಂತ ಒಂದು ಅಂದಾಜು ಮಾಡಬಹುದು.

ಹಾಗಾದರೆ ಸೂಜಿ ಬೇರೆ ಇದ್ದರೆ ಪ್ರಭೇದ ಬೇರೆ, ಮುಗಿಯಿತು ಅಲ್ವಾ? ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು.

ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ ಲಿಗ್ನಾನೋದ ತಮ್ಮನಂಥ ಇನ್ನೊಂದು ಹುಳ ಸಿಕ್ಕಿತು. 2020ರಲ್ಲಿ ಅದನ್ನು ಮ್ಯಾಕ್ರೋಸ್ಟೋಮಮ್ ಜಾನಿಕೈ ಅಂತ ಬಣ್ಣಿಸಿದರು. ಈಗ ಗೊತ್ತಿರುವುದರಲ್ಲಿ ಲಿಗ್ನಾನೋಗೆ ತೀರಾ ಹತ್ತಿರದ ನೆಂಟ ಅದೇ. ಸೂಜಿ ಬೇರೆ, ಕೂಡುವ ರೀತಿಯಲ್ಲೂ ವ್ಯತ್ಯಾಸ. ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದರು. ಅವು ಕೂಡಿದವು. ಮರಿಯೂ ಆಯಿತು, ಆ ಮಿಶ್ರ ಮರಿಗಳಿಗೂ ಮರಿಯಾಯಿತು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಏನು? ಒಂದರೊಡನೊಂದು ಕೂಡಿ, ಮುಂದೆ ಮರಿಮಾಡಬಲ್ಲ ಮರಿ ಹುಟ್ಟಿದರೆ ಒಂದೇ ಪ್ರಭೇದ, ಅಂತ. ಆ ಸೂತ್ರ ಹಿಡಿದು ಹೋದರೆ ಇವೆರಡೂ ಒಂದೇ ಅನ್ನಬೇಕಾಗುತ್ತದೆ. ಆದರೆ ಆಕಾರ, ನಡವಳಿಕೆ, ಡಿಎನ್ಎ ಮೂರೂ ಬೇರೆ ಅನ್ನುತ್ತವೆ. ಬಟ್ಟಲಿನಲ್ಲಿ ನಡೆದದ್ದು ಕಡಲಿನಲ್ಲೂ ನಡೆಯುತ್ತದೆ ಅಂತೇನಿಲ್ಲ. ನನಗೆ ಕೇಳಿದರೆ ನಾನು ಬೇರೆ ಬೇರೆ ಅನ್ನುವವರ ಕಡೆ.

ಇನ್ನೊಂದು ಫಜೀತಿ. ಲಿಗ್ನಾನೋ ಹುಳದಲ್ಲಿ ಮಾಮೂಲಿಯಾಗಿ 8 ಕ್ರೋಮೋಸೋಮ್. ಲ್ಯಾಬಿನಲ್ಲಿ ಒಂದೇ ವಂಶದೊಳಗೆ ಬೆಳೆಸಿಕೊಂಡು ಬಂದಿದ್ದ ಒಂದು ಸಾಲಿನ ಹುಳಗಳನ್ನು ನೋಡಿದಾಗ ಕೆಲವಕ್ಕೆ 9, ಕೆಲವಕ್ಕೆ 10. ದೊಡ್ಡ ಕ್ರೋಮೋಸೋಮ್ ಒಂದೋ ಎರಡೋ ಜಾಸ್ತಿಯಾಗಿತ್ತು. ಹುಳವನ್ನು ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ತಿಂದುಂಡು ಹಾಯಾಗಿ ಇರುತ್ತವೆ. ಸೂಜಿಯೂ ಹಾಗೇ ಇದೆ. 2005ರ ವಿವರಣೆಯಲ್ಲಿ ತಪ್ಪಿತ್ತು ಅಂತಲ್ಲ. ಕಣ್ಣಿಗೆ ಕಾಣುವುದನ್ನು ಅದು ಸರಿಯಾಗೇ ಹೇಳಿದೆ. ಅಷ್ಟರ ಆಚೆಗೂ ಪ್ರಾಣಿ ಇದೆ, ಏನು ಮಾಡುವುದು.

ಹೆಸರಿಲ್ಲದವು ಇನ್ನೂ ಎಷ್ಟಿವೆ ಅನ್ನುವುದಕ್ಕೆ ಒಂದು ಉದಾಹರಣೆ. 2022ರಲ್ಲಿ ಈ ಒಂದು ಕುಲದ ವಂಶವೃಕ್ಷ ಮಾಡಿದರು, 145 ಪ್ರಭೇದಗಳದ್ದು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆವತ್ತಿಗೆ ಹೆಸರಿಲ್ಲದವು. ಪಟ್ಟಿಯಲ್ಲಿ ಅವನ್ನು ಎಸ್‌ಪಿ. ಮುಂದೆ ಒಂದು ನಂಬರು ಹಾಕಿ ಗುರುತಿಸಿದ್ದಾರೆ. ಡಿಎನ್ಎ ಇದೆ, ಫೋಟೋ ಇದೆ, ವಿಡಿಯೋ ಇದೆ. ಕೂತು ಬಣ್ಣಿಸುವ ಜನ ಬೇಕು. ಒಂದೊಂದಾಗಿ ಆಗುತ್ತಿದೆ. ಇಂಥ ಕೆಲಸಕ್ಕೆ ದುಡ್ಡು ಕೊಡುವವರು ಕಮ್ಮಿ. 'ಮತ್ತೊಂದು ಹುಳಕ್ಕೆ ಹೆಸರಿಟ್ಟೆವು' ಅಂದರೆ ಅನುದಾನದ ಸಮಿತಿಗೆ ಆಕಳಿಕೆ ಬರುತ್ತದೆ. ಅಂಗ ಮತ್ತೆ ಬೆಳೆಯುವುದು, ಕಾಂಡಕೋಶ ಅಂತ ಸೇರಿಸಿದರೆ ಎದ್ದು ಕೂರುತ್ತಾರೆ. ಆ ಕಾಂಡಕೋಶದ ಅಧ್ಯಯನ ಯಾವ ಹುಳದ ಮೇಲೆ ನಡೆಯಿತು ಅಂತ ನಿಖರವಾಗಿ ಹೇಳಲು ಯಾರಾದರೂ ಮೊದಲು ಸೂಜಿ ಅಳೆದಿರಬೇಕಲ್ಲ.

ನಮ್ಮ ಕಡೆ ಇವು ಇಲ್ಲವಾ ಅಂತ ಕೇಳಿದರೆ, ಯಾಕಿಲ್ಲ. ಭಾರತದಲ್ಲಿ ಮರಳಿನ ಸಂದಿನ ಪ್ರಾಣಿಗಳನ್ನು ಗಂಭೀರವಾಗಿ ನೋಡಿದ್ದು 1960ರ ದಶಕದಲ್ಲಿ, ವಿಶಾಖಪಟ್ಟಣದ ವಾಲ್ಟೇರ್ ತೀರದಲ್ಲಿ. ಆಂಧ್ರ ವಿಶ್ವವಿದ್ಯಾಲಯದ ಪಿ.ಎನ್. ಗಣಪತಿ ಮತ್ತು ಜಿ. ಚಂದ್ರಶೇಖರ ರಾವ್ ಸೇರಿ ಮಾಡಿದ ಕೆಲಸ ಅದು. ಪಶ್ಚಿಮ ಕರಾವಳಿಯ ಮರಳಿನ ಕಥೆ ಬೇರೆ. ಮಳೆಗಾಲದ ಕಡಲು ನಮ್ಮ ತೀರವನ್ನೇ ಕಿತ್ತು ಒಯ್ಯುತ್ತದೆ, ಮಳೆ ಹೋದಮೇಲೆ ಮರಳು ವಾಪಸು ತಂದು ಹಾಕುತ್ತದೆ. ಆ ಗಲಾಟೆಯಲ್ಲೂ ಸಂದಿನಲ್ಲಿ ಉಳಿಯುವವರು ಇರುತ್ತಾರೆ. ಊರಿಗೆ ಹೋದಾಗ ಕಾಸರಕೋಡಿನ ತೀರದಿಂದ ಒಂದು ಡಬ್ಬಿ ಮರಳು ತಂದು ಅಡುಗೆಮನೆಯ ಮೇಜಿನ ಮೇಲೆ ನೋಡುವುದು ನನಗೆ ರೂಢಿ. ಜಾರುವವರು ಇದ್ದೇ ಇರುತ್ತಾರೆ. ಅಕ್ಕನ ಮಗಳು ಅವಕ್ಕೆಲ್ಲ ತನಗೆ ತೋಚಿದ ಹೆಸರಿಡುತ್ತಾಳೆ, ಅವಳಿಗೆ ಯಾವ ನಿಯಮವೂ ಇಲ್ಲ.

ಆದರೆ ಆ ಮರಳನ್ನು ಬ್ಯಾಗಿಗೆ ಹಾಕಿಕೊಂಡು ಇನ್ಸ್‌ಬ್ರುಕ್‌ಗೆ ತರುವ ಹಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ. ವಿದೇಶದ ಸಂಸ್ಥೆಯ ಸಂಶೋಧನೆಗೆ ಭಾರತದ ಜೀವಿಗಳನ್ನು ಒಯ್ಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಹೊಸ ಪ್ರಭೇದ ಸಿಕ್ಕರೆ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಪ್ರಾಣಿಗಳಿಗಾದರೆ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. ಕೆಲವರು ಇದಕ್ಕೆ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ನಮ್ಮ ತೀರದ ಹುಳದ ಮೂಲ ಮಾದರಿ ನೋಡಲು ನಮ್ಮ ಮಕ್ಕಳು ಯುರೋಪಿನ ವೀಸಾಕ್ಕೆ ಕ್ಯೂ ನಿಲ್ಲುವುದು ಬೇಡ.

ಅದಕ್ಕೇ ಊರಲ್ಲೇ ಇರುವವರು ನೋಡಲಿ ಅಂತ ಆಸೆ. ಕಾರವಾರದಿಂದ ಉಳ್ಳಾಲದವರೆಗೆ ಯಾರಾದರೂ ಓದುತ್ತಿದ್ದರೆ, ರಾಸಾಯನಿಕ ಇಲ್ಲದೆ ಮಾಡುವ ಒಂದು ಉಪಾಯ ಹೇಳುತ್ತೇನೆ. 1960ರ ದಶಕದಲ್ಲಿ ಊಲಿಗ್ ಎಂಬ ಜರ್ಮನಿಯವರು ಕಂಡುಕೊಂಡದ್ದು. ಸಮುದ್ರದ ನೀರನ್ನೇ ಫ್ರೀಜರಿನಲ್ಲಿಟ್ಟು ಐಸ್ ಮಾಡಿ. ಅಗಲದ ಪ್ಲಾಸ್ಟಿಕ್ ಪೈಪಿನ ಒಂದು ತುಂಡಿಗೆ ಕೆಳಗೆ ತೆಳ್ಳಗಿನ ನೈಲಾನ್ ಬಲೆ ಬಿಗಿದು, ಒಳಗೆ ಮರಳು ತುಂಬಿ. ಮರಳಿನ ಮೇಲೆ ಸ್ವಲ್ಪ ಹತ್ತಿ, ಹತ್ತಿಯ ಮೇಲೆ ಐಸ್. ಕೆಳಗೆ ಒಂದು ತಟ್ಟೆಯಲ್ಲಿ ಸಮುದ್ರದ ನೀರು, ಬಲೆ ಆ ನೀರನ್ನು ಮುಟ್ಟುತ್ತಿರಬೇಕು. ಐಸ್ ಕರಗಿ ತಣ್ಣನೆಯ ಉಪ್ಪುನೀರು ಇಳಿಯುತ್ತಾ ಬಂದಂತೆ ಪ್ರಾಣಿಗಳು ಅದರಿಂದ ತಪ್ಪಿಸಿಕೊಂಡು ಕೆಳಗೆ ಬಂದು ತಟ್ಟೆಗೆ ಬೀಳುತ್ತವೆ. ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪ್ ಸಾಕು. ಕಂಡದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಡಿ, ಚಿತ್ರದಲ್ಲಿ ಅಳತೆಯ ಸ್ಕೇಲ್ ಇರಲಿ. ದಿನಾಂಕ, ಜಾಗ, ನೀರಿನಂಚಿನಿಂದ ಎಷ್ಟು ದೂರ, ಎಷ್ಟು ಆಳ ಅಂತ ಪುಸ್ತಕದಲ್ಲಿ ಬರೆದಿಡಿ. ಜಾರುವ ಹುಳ ಸಿಕ್ಕಿದರೆ ಮುಚ್ಚುಗಾಜಿನ ಮೂಲೆಗೆ ಜೇಡಿಮಣ್ಣು ಅಂಟಿಸುವುದನ್ನು ಮರೆಯಬೇಡಿ, ಬಾಲದ ಕಡೆಯಿಂದ ನೋಡಲು ಶುರು ಮಾಡಿ.